ಕಾಣದ ಹಗೆಯೊಡನೆ ಕಡಲಾಟ

ಮನೆಯೊಳಗೆ ಕುಳಿತು ಆಡುವ ಆಟಗಳು ನಮ್ಮಲ್ಲಿ ಬೇಕಾದಷ್ಟಿವೆ. ಚದುರಂಗ, ಪಗಡೆ, ಚೌಕಾಬಾರ, ಹುಲಿ-ಕುರಿ, ಅಳಿಗುಳಿಮಣೆ ಇವುಗಳಲ್ಲಿ ಒಂದನ್ನಾದರೂ ಆಡದೆ ಬೆಳೆದವರು ವಿರಳ. ಈ ಆಟಗಳ ಕ್ರಮವು ಬೇರೆಬೇರೆಯಾದರೂ ಒಂದು ಗುಣವು ಎಲ್ಲಕ್ಕೂ ಸಮಾನವಾದುದು: ಎದುರಾಳಿಯ ಕಾಯಿಗಳೆಲ್ಲವೂ ನಮ್ಮ ಕಣ್ಣೆದುರಿಗೇ ಇರುವುವು. ಹುಲಿಯು ಯಾವ ಮನೆಯಲ್ಲಿ ಹೊಂಚುತ್ತಿದೆಯೆಂಬುದನ್ನು ಕುರಿಯ ಪಕ್ಷದವನು ಬಲ್ಲನು. ಆನೆಯು ಎತ್ತ ನಡೆಯಬಹುದೆಂಬುದನ್ನು ಮಂತ್ರಿಯನ್ನು ಕಾಯುವವನು ಬಲ್ಲನು. ಸೋತವನು “ನೋಡಲಿಲ್ಲ” ಎಂದು ಹೇಳಿಕೊಳ್ಳಬಹುದೇ ಹೊರತು “ಕಾಣಲಿಲ್ಲ” ಎಂದು ನೆವ ಹೇಳುವಂತಿಲ್ಲ.

ಇದಕ್ಕೆ ತೀರ ವ್ಯತಿರಿಕ್ತವಾದ ಒಂದು ಬಗೆಯ ಆಟವನ್ನು ಕುರಿತು ಈ ಲೇಖನದಲ್ಲಿ ನಾಲ್ಕು ಮಾತುಗಳನ್ನು ಹೇಳಬೇಕೆಂದು ನಮ್ಮ ಅಪೇಕ್ಷೆ. ಇದರಲ್ಲಿ ಆಡುವ ಇಬ್ಬರ ನಡುವೆ ಒಂದು ಮರೆ ಇರುವುದು. ಶತ್ರುವಿನ ಕಾಯಿಗಳು ಎಲ್ಲಿವೆ, ಎಷ್ಟಿವೆ, ಅವು ನಮ್ಮತ್ತ ಹೊರಟಿವೆಯೋ ದೂರ ಸರಿಯುತ್ತಿವೆಯೋ, ಇವೊಂದೂ ತಿಳಿಯದೆಯೇ ನಾವು ನಮ್ಮ ನಡೆಯನ್ನು ನಡೆಸಬೇಕು. ಶಾಲೆಯ ಹುಡುಗರು ನೋಟುಪುಸ್ತಕದಲ್ಲಿ ಚೌಕಗಳನ್ನು ಗೀಚಿ ಒಬ್ಬರ ಹಡಗನ್ನೊಬ್ಬರು ಮುಳುಗಿಸುವ ಆಟವನ್ನು ಕಂಡವರಿಗೆ ಇದರ ಮೊಳಕೆಯು ಪರಿಚಿತವೇ ಸರಿ. ಆದರೆ ಆ ಹುಡುಗರ ಹಡಗುಗಳು ನಿಂತಲ್ಲಿಯೇ ನಿಂತಿರುವುವು. ನಾವು ಹೇಳಹೊರಟಿರುವ ಆಟದಲ್ಲಿ ಹಡಗುಗಳು ಹಗಲಿರುಳೂ ಚಲಿಸುತ್ತಿರುವುವು. ಅವುಗಳ ಬೆನ್ನ ಮೇಲೆ ವಿಮಾನಗಳಿರುವುವು. ೧೯೪೧ರಿಂದ ೧೯೪೫ರವರೆಗೆ ಶಾಂತಸಾಗರದಲ್ಲಿ ಜಪಾನಿಗೂ ಅಮೆರಿಕಕ್ಕೂ ನಡೆದ ಮಹಾಯುದ್ಧವೇ ಅದರ ಹಾಸು.

ಮೊದಲು ಆ ಯುದ್ಧದ ಸ್ವರೂಪವನ್ನು ಸ್ವಲ್ಪ ತಿಳಿಯೋಣ. ಹಿಂದಿನ ಕಾಲದ ಕಡಲ ಕಾಳಗಗಳಲ್ಲಿ ಎರಡು ನೌಕಾಪಡೆಗಳು ಒಂದನ್ನೊಂದು ಕಣ್ಣಾರೆ ಕಂಡು ಫಿರಂಗಿಗಳಿಂದ ಹೊಡೆದಾಡುತ್ತಿದ್ದುವು. ವಿಮಾನವಾಹಕ ನೌಕೆಯು ಬಂದ ಮೇಲೆ ಈ ಪದ್ಧತಿಯು ತಲೆಕೆಳಗಾಯಿತು. ಈ ನೌಕೆಯು ನೀರಿನ ಮೇಲೆ ತೇಲುವ ಒಂದು ವಿಮಾನ ನಿಲ್ದಾಣ. ಅದರ ಬಲವೆಲ್ಲ ಅದು ಹಾರಿಸುವ ವಿಮಾನಗಳಲ್ಲಿದೆ. ಅವು ನೂರಾರು ಮೈಲಿ ಹಾರಿ ಬಾಂಬುಗಳನ್ನೂ ಟಾರ್ಪೆಡೊಗಳನ್ನೂ ಪ್ರಯೋಗಿಸಿ ಹಿಂದಿರುಗುವುವು. ೧೯೪೨ರ ಮೇ ತಿಂಗಳ ೭ ಮತ್ತು ೮ರಂದು ಆಸ್ಟ್ರೇಲಿಯದ ಈಶಾನ್ಯಕ್ಕಿರುವ ಹವಳದ ಸಮುದ್ರದಲ್ಲಿ ನಡೆದ ಯುದ್ಧವೇ, ಎರಡು ಪಕ್ಷದ ಹಡಗುಗಳೂ ಒಂದನ್ನೊಂದು ನೋಡದೆಯೇ ಹೋರಾಡಿದ ಮೊಟ್ಟಮೊದಲನೆಯ ನೌಕಾಯುದ್ಧ.

ಕಾಣದೆ ಹೋರಾಡುವುದೆಂದರೆ ಏನೆಂಬುದಕ್ಕೆ ಆ ೭ನೆಯ ತಾರೀಖಿನ ವೃತ್ತಾಂತವೊಂದೇ ಸಾಕು. ಜಪಾನಿನ ಶೋಧಕ ವಿಮಾನವು ಒಂದು ಎಣ್ಣೆಯ ಹಡಗನ್ನೂ ಅದರ ಜೊತೆಗಿದ್ದ ಸಣ್ಣ ಯುದ್ಧನೌಕೆಯನ್ನೂ ಕಂಡು, ವಿಮಾನವಾಹಕವೂ ಕ್ರೂಸರೂ ಕಂಡುವೆಂದು ವರದಿಯಿತ್ತಿತು. ಜಪಾನೀಯರು ತಮ್ಮ ಮುಖ್ಯ ಬಲವನ್ನೆಲ್ಲ ಅತ್ತ ಕಳುಹಿಸಿ, ಆ ಎರಡನ್ನು ಹೊಡೆಯುವುದರಲ್ಲಿಯೇ ಬೆಳಗನ್ನು ಕಳೆದರು. ಅದೇ ದಿನ ಅಮೆರಿಕದವರ ಪಾಡೂ ಇದಕ್ಕಿಂತ ಮೇಲಾಗಿರಲಿಲ್ಲ. ಅವರ ಶೋಧಕನ ಸಂಕೇತದಲ್ಲಿ ತಪ್ಪು ಸೇರಿ, ಇಲ್ಲದ ಎರಡು ವಿಮಾನವಾಹಕಗಳ ಮೇಲೆ ಅವರ ವಿಮಾನಗಳೂ ಹೊರಟುವು. ದಾರಿಯಲ್ಲಿ ದೈವಯೋಗದಿಂದ ‘ಶೋಹೊ’ ಎಂಬ ಸಣ್ಣ ವಾಹಕವು ಸಿಕ್ಕಿದುದರಿಂದ ಅದನ್ನು ಮುಳುಗಿಸಿದರು. ಸಂಜೆಗತ್ತಲಲ್ಲಿ ಜಪಾನಿನ ಕೆಲವು ವಿಮಾನಗಳು ಅಮೆರಿಕದ ‘ಯಾರ್ಕ್‌ಟೌನ್’ ನೌಕೆಯನ್ನು ತಮ್ಮದೇ ಎಂದು ಭ್ರಮಿಸಿ ಅದರ ಮೇಲೆ ಇಳಿಯಲು ಬಂದುವು! ಮರುದಿನ ಉಭಯ ಪಕ್ಷಗಳಿಗೂ ಒಬ್ಬರ ನೆಲೆಯು ಮತ್ತೊಬ್ಬರಿಗೆ ಗೊತ್ತಾಗಿ, ಅಮೆರಿಕದ ‘ಲೆಕ್ಸಿಂಗ್ಟನ್’ ಮುಳುಗಿತು. ಜಪಾನಿನ ‘ಶೋಕಾಕು’ ಜಖಂಗೊಂಡಿತು.

ಇಂತಹ ಯುದ್ಧವನ್ನು ಮೇಜಿನ ಮೇಲೆ ಆಡುವುದೆಂತು? ಇದಕ್ಕೆ ಬುದ್ಧಿವಂತರು ಹಲವು ಉಪಾಯಗಳನ್ನು ಹೂಡಿರುವರು. ೧೯೬೪ರಲ್ಲಿ ಅಮೆರಿಕದ ಆವಲಾನ್ ಹಿಲ್ ಎಂಬ ಕಂಪೆನಿಯು ‘ಮಿಡ್ವೇ’ ಎಂಬ ಆಟವನ್ನು ಹೊರತಂದಿತು. ಅದರಲ್ಲಿ ಆಡುವವರಿಬ್ಬರಿಗೂ ಒಂದೊಂದು ಕಡಲ ನಕ್ಷೆಯುಂಟು. ನಡುವೆ ಒಂದು ಅಡ್ಡ ಹಲಗೆ. ಒಬ್ಬನು ತನ್ನ ನಕ್ಷೆಯ ಮೇಲೆ ಹಡಗುಗಳನ್ನು ಗುಟ್ಟಾಗಿ ನಡೆಸುವನು. ಬಳಿಕ ತನ್ನ ಶೋಧಕ ವಿಮಾನಗಳು ಇಂತಿಂತಹ ಮನೆಗಳನ್ನು ಹುಡುಕುತ್ತಿವೆಯೆಂದು ಕೂಗಿ ಹೇಳುವನು. ಆ ಮನೆಯಲ್ಲಿ ಹಡಗುಗಳಿದ್ದರೆ ಎದುರಾಳಿಯು ಇವೆಯೆಂದು ಒಪ್ಪಿ ಹೇಳಬೇಕು. ಇಲ್ಲಿ ವಾಚಕರು ಒಂದು ಅಂಶವನ್ನು ಗಮನಿಸಬೇಕು. ಮರೆಯಿರುವ ಆಟದಲ್ಲಿ ಮೋಸ ಮಾಡುವುದು ಅತಿ ಸುಲಭ; ಹೇಳಬೇಕಾದುದನ್ನು ಹೇಳದೆ ಸುಮ್ಮನಿದ್ದರೆ ಕೇಳುವವರಿಲ್ಲ. ಆದಕಾರಣ ಈ ಆಟದ ಮೊದಲನೆಯ ಕಾಯಿ ಹಡಗೂ ಅಲ್ಲ, ವಿಮಾನವೂ ಅಲ್ಲ. ಸತ್ಯವೇ ಅದರ ಮೊದಲನೆಯ ಕಾಯಿ.

ಶತ್ರುವು ಸಿಕ್ಕಿದ ಮಾತ್ರಕ್ಕೆ ಕಷ್ಟವು ತೀರಲಿಲ್ಲ; ನಿಜವಾದ ಕಷ್ಟವು ಅಲ್ಲಿಂದಲೇ ಮೊದಲು. ವಿಮಾನಗಳಿಗೆ ಎಣ್ಣೆ ತುಂಬಬೇಕು, ಬಾಂಬು ಕಟ್ಟಬೇಕು, ಅಟ್ಟದ ಮೇಲೆ ಸಾಲಾಗಿ ನಿಲ್ಲಿಸಬೇಕು. ಇದಕ್ಕೆ ಹೊತ್ತು ಹಿಡಿಯುವುದು. ದಾಳಿಗೆ ಹೋಗಿದ್ದ ವಿಮಾನಗಳು ಹಿಂದಿರುಗಿದಾಗ ಅದೇ ಅಟ್ಟವು ತೆರವಾಗಿರಬೇಕು. ಇಲ್ಲವಾದರೆ ಅವು ಇಳಿಯಲೆಡೆಯಿಲ್ಲದೆ ಸಮುದ್ರದ ಪಾಲಾಗುವುವು. ಹಡಗನ್ನು ಕಾಯುವ ವಿಮಾನಗಳೂ ಅಲ್ಲಿಂದಲೇ ಏರಿ ಅಲ್ಲಿಗೇ ಇಳಿಯಬೇಕು. ಒಂದೇ ಒಲೆಯ ಮೇಲೆ ನೂರು ಎಲೆಯ ಅಡುಗೆಯನ್ನು ಹೊತ್ತಿಗೆ ಸರಿಯಾಗಿ ಇಳಿಸಬೇಕಾದ ಗೃಹಿಣಿಯ ಪಾಡು ಹೇಗಿರುವುದೆಂಬುದನ್ನು ನಮ್ಮ ಸೋದರಿಯರು ಬಲ್ಲರು. ಆ ಒಲೆಯ ಪಕ್ಕದಲ್ಲಿಯೇ ಮದ್ದಿನ ರಾಶಿಯೂ ಇದ್ದರೆ ಹೇಗೋ, ವಿಮಾನವಾಹಕದ ಸೇನಾನಿಯ ಪಾಡು ಹಾಗೆ. ಎಣ್ಣೆ ಬಾಂಬುಗಳಿಂದ ತುಂಬಿದ ವಿಮಾನಗಳು ಒಳಗಿರುವಾಗ ಶತ್ರುವಿನ ಒಂದೆರಡು ಬಾಂಬುಗಳು ಬಿದ್ದರೂ ಹಡಗು ತನ್ನ ಬೆಂಕಿಯಿಂದ ತಾನೇ ಸುಟ್ಟುಹೋಗುವುದು.

೧೯೪೨ರ ಜೂನ್ ೪ರ ಬೆಳಗನ್ನು ಈ ಆಟದಲ್ಲಿ ಜಪಾನಿನ ಪಕ್ಷದಲ್ಲಿ ಕುಳಿತು ಆಡಿದರೆ ಇದೆಲ್ಲವೂ ಮನಸ್ಸಿಗೆ ನಾಟುವುದು. ಮಿಡ್ವೇ ಎಂಬುದು ಹವಾಯಿಯ ವಾಯವ್ಯಕ್ಕೆ ಸಾವಿರ ಮೈಲಿಗಿಂತಲೂ ದೂರವಿರುವ ಪುಟ್ಟ ದ್ವೀಪ. ‘ಅಕಾಗಿ’, ‘ಕಾಗಾ’, ‘ಸೋರ್ಯು’, ‘ಹಿರ್ಯು’ ಎಂಬ ನಾಲ್ಕು ವಾಹಕಗಳೊಡನೆ ಅಡ್ಮಿರಲ್ ನಗುಮೊ ಅದರ ಮೇಲೆ ಏರಿಬಂದನು. ಬೆಳಗಿನ ಜಾವ ೧೦೮ ವಿಮಾನಗಳನ್ನು ದ್ವೀಪದ ಮೇಲೆ ಕಳುಹಿಸಿ, ಶತ್ರುವಿನ ಹಡಗುಗಳೇನಾದರೂ ಕಂಡರೆ ಇರಲೆಂದು ಉಳಿದವನ್ನು ಸಿದ್ಧವಾಗಿಟ್ಟುಕೊಂಡನು. ಏಳು ಗಂಟೆಗೆ, ದ್ವೀಪದ ಮೇಲೆ ಇನ್ನೊಂದು ದಾಳಿ ಬೇಕೆಂದು ಸುದ್ದಿ ಬಂದಿತು. ಏಳೂಕಾಲಿಗೆ ಅವನು, ಉಳಿದ ವಿಮಾನಗಳ ಆಯುಧಗಳನ್ನು ಬದಲಾಯಿಸಿ ನೆಲದ ಮೇಲಣ ದಾಳಿಗೆ ಅಣಿಮಾಡಲು ಆಜ್ಞೆಯಿತ್ತನು. ಇನ್ನು ಹದಿಮೂರು ನಿಮಿಷಗಳಾಗುವಷ್ಟರಲ್ಲಿ ಶೋಧಕನೊಬ್ಬನು ಶತ್ರುವಿನ ಹತ್ತು ಹಡಗುಗಳನ್ನು ಕಂಡೆನೆಂದು ತಿಳಿಸಿದನು. ಯಾವ ಬಗೆಯ ಹಡಗುಗಳು? ಅದಕ್ಕೆ ಉತ್ತರವು ದೊರೆತುದು ಎಂಟು ಇಪ್ಪತ್ತರ ಸುಮಾರಿಗೆ: ಅವುಗಳಲ್ಲಿ ಒಂದು ವಿಮಾನವಾಹಕದಂತೆ ತೋರುವುದೆಂದು! ಅಷ್ಟರಲ್ಲಿ ದಾಳಿಗೆ ಹೋಗಿದ್ದ ವಿಮಾನಗಳು ಎಣ್ಣೆ ಮುಗಿಯುತ್ತ ತಲೆಯ ಮೇಲೆ ಸುತ್ತತೊಡಗಿದ್ದುವು. ಸುದ್ದಿ ತಂದ ಆ ಶೋಧಕ ವಿಮಾನವು ‘ತೋನೆ’ ಎಂಬ ಕ್ರೂಸರಿನಿಂದ ಅರ್ಧ ಗಂಟೆ ತಡವಾಗಿ ಹೊರಟಿದ್ದಿತು.

ಈಗ ಏನು ಮಾಡಬೇಕು? ಇದ್ದಷ್ಟು ವಿಮಾನಗಳನ್ನು ಒಡನೆಯೇ ಹಾರಿಸಿಬಿಡಬೇಕೆಂದು ಅಡ್ಮಿರಲ್ ಯಾಮಗುಚಿಯು ಸಲಹೆಯಿತ್ತನು. ಬಂದವರನ್ನು ಇಳಿಸಿಕೊಂಡು, ಎಲ್ಲವನ್ನೂ ಕ್ರಮವಾಗಿ ಸಜ್ಜುಗೊಳಿಸಿ, ಪೂರ್ಣಬಲದಿಂದ ಹೊಡೆಯುವೆನೆಂದು ನಗುಮೊ ನಿಶ್ಚಯಿಸಿದನು. ಚರಿತ್ರೆಯನ್ನು ಓದುವವನು ನಗುಮೊವನ್ನು ಹಳಿದು ಪುಟವನ್ನು ತಿರುವಿಬಿಡುವನು. ಆದರೆ ಅದೇ ಸ್ಥಾನದಲ್ಲಿ ಕುಳಿತು ಆಡುವವನಿಗೆ, ಎರಡು ದಾರಿಯೂ ಮುಳ್ಳಿನ ದಾರಿಯೆಂಬುದು ಅನುಭವಕ್ಕೆ ಬರುವುದು. ಇಂತಹ ಆಟದ ದೊಡ್ಡ ಪ್ರಯೋಜನವೆಂದರೆ ಇದೇ: ಅದು ಸೋತವನ ವಿಷಯದಲ್ಲಿ ನಮ್ಮನ್ನು ವಿನಯವಂತರನ್ನಾಗಿ ಮಾಡುವುದು.

ಗೆದ್ದವರ ಕಡೆಯೂ ಎಲ್ಲವೂ ಸುಸೂತ್ರವಾಗಿ ನಡೆಯಲಿಲ್ಲ. ಅಮೆರಿಕದ ವಿಮಾನಗಳು ಒಟ್ಟಾಗಿ ಬರದೆ ಚದರಿ ಬಂದುವು. ‘ಹಾರ್ನೆಟ್’ ನೌಕೆಯ ಎಂಟನೆಯ ಟಾರ್ಪೆಡೊ ದಳದ ೧೫ ವಿಮಾನಗಳೂ ಉರುಳಿದುವು. ಅವುಗಳಲ್ಲಿದ್ದ ೩೦ ಜನರಲ್ಲಿ ಬದುಕಿದವನು ಒಬ್ಬನೇ. ‘ಎಂಟರ್‌ಪ್ರೈಸ್’ ನೌಕೆಯ ವೈಮಾನಿಕರ ನಾಯಕನಾದ ಮೆಕ್‌ಕ್ಲಸ್ಕಿಯು ಹೇಳಿದ್ದ ಸ್ಥಳದಲ್ಲಿ ಶತ್ರುವನ್ನು ಕಾಣದೆ, ಎಣ್ಣೆಯು ಸಾಲದೆಹೋಗಬಹುದೆಂದು ತಿಳಿದೂ ಹುಡುಕುತ್ತ ಸಾಗಿ, ಅವಸರದಿಂದ ಹೋಗುತ್ತಿದ್ದ ಒಂಟಿ ಜಪಾನೀ ನೌಕೆಯೊಂದನ್ನು ಕಂಡು ಅದರ ದಿಕ್ಕನ್ನೇ ಹಿಡಿದನು. ಹತ್ತು ಗಂಟೆ ಇಪ್ಪತ್ತು ನಿಮಿಷ ಕಳೆದ ಮೇಲೆ, ಅವನ ದಳವೂ ‘ಯಾರ್ಕ್‌ಟೌನ್’ ದಳವೂ ಬೇರೆಬೇರೆ ದಾರಿಯಿಂದ ಒಂದೇ ಹೊತ್ತಿಗೆ ಬಂದೆರಗಲು, ಕೆಲವೇ ನಿಮಿಷಗಳಲ್ಲಿ ಮೂರು ವಾಹಕಗಳು ಹೊತ್ತಿ ಉರಿದುವು. ಸಂಜೆಗೆ ನಾಲ್ಕನೆಯದಕ್ಕೂ ಅದೇ ಗತಿಯಾಯಿತು. ಇದೇ ಮೆಕ್‌ಕ್ಲಸ್ಕಿಯು ಮುಂದೆ ಅಡ್ಮಿರಲ್ ಪದವಿಯಿಂದ ನಿವೃತ್ತನಾಗಿ, ಮೇಲೆ ಹೇಳಿದ ೧೯೬೪ರ ಆಟಕ್ಕೆ ಸಲಹೆಗಾರನಾಗಿದ್ದನೆಂಬುದು ಸೋಜಿಗದ ಸಂಗತಿ.

ಇದಕ್ಕಿಂತಲೂ ಸೋಜಿಗವಾದುದು ಇನ್ನೊಂದಿದೆ. ಮಿಡ್ವೇ ಯುದ್ಧವನ್ನು ಮೇಜಿನ ಮೇಲೆ ಮೊದಲು ಆಡಿದವರು ಆಟಿಕೆಯ ಕಂಪೆನಿಯವರಲ್ಲ, ಜಪಾನಿನ ಸೇನಾನಿಗಳೇ! ಯುದ್ಧಕ್ಕೆ ಒಂದು ತಿಂಗಳ ಹಿಂದೆ, ೧೯೪೨ರ ಮೇ ತಿಂಗಳ ಆದಿಯಲ್ಲಿ, ಹಾಶಿರಾಜಿಮಾ ಎಂಬ ಲಂಗರುದಾಣದಲ್ಲಿ ನಿಂತಿದ್ದ ‘ಯಾಮಾಟೊ’ ಎಂಬ ಮಹಾನೌಕೆಯಲ್ಲಿ ಅವರು ಮುಂದಿನ ದಂಡಯಾತ್ರೆಗಳನ್ನೆಲ್ಲ ನಕ್ಷೆಯ ಮೇಲೆ ಆಡಿ ನೋಡಿದರು. ಸಂಯುಕ್ತ ನೌಕಾಪಡೆಯ ಮುಖ್ಯಾಧಿಕಾರಿಗಳಲ್ಲೊಬ್ಬನಾದ ಅಡ್ಮಿರಲ್ ಉಗಾಕಿಯು ಆಟದ ಮುಖ್ಯ ಮಧ್ಯಸ್ಥನು. ಒಮ್ಮೆ, ಮಿಡ್ವೇಯ ಮೇಲೆ ದಾಳಿ ನಡೆಯುತ್ತಿರುವಾಗಲೇ ಅಮೆರಿಕದ ವಿಮಾನಗಳು ಜಪಾನೀ ವಾಹಕಗಳ ಮೇಲೆ ಬಿದ್ದುವು. ಫಲವನ್ನು ನಿರ್ಧರಿಸಲು ಒಕುಮಿಯ ಎಂಬ ಅಧಿಕಾರಿಯು ದಾಳವನ್ನುರುಳಿಸಿದನು. ಬಿದ್ದ ಗರದ ಪ್ರಕಾರ ಒಂಬತ್ತು ಏಟುಗಳು ತಗುಲಿ, ‘ಅಕಾಗಿ’ಯೂ ‘ಕಾಗಾ’ವೂ ಮುಳುಗಿದುವು. ಉಗಾಕಿಯು ಅಡ್ಡಬಂದು, ಒಂಬತ್ತಲ್ಲ, ಮೂರೇ ಏಟುಗಳೆಂದು ತೀರ್ಪಿತ್ತನು. ‘ಅಕಾಗಿ’ಗೆ ಅಲ್ಪಸ್ವಲ್ಪ ಪೆಟ್ಟಾಯಿತೆಂದಾಯಿತು. ಮುಳುಗಿದುದೆಂದು ಒಪ್ಪಿಕೊಂಡ ‘ಕಾಗಾ’ ಕೂಡ ಮುಂದಿನ ದಂಡಯಾತ್ರೆಯ ಆಟದಲ್ಲಿ ಮತ್ತೆ ತೇಲಿಕೊಂಡು ಬಂದಿತು! ದಾಳವನ್ನುರುಳಿಸಿದ ಒಕುಮಿಯನೇ ಫುಚಿದ ಎಂಬ ವೈಮಾನಿಕನೊಡನೆ ಸೇರಿ ೧೯೫೧ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ವಿವರಿಸಿರುವನು.

ನ್ಯಾಯವಾಗಿ ಹೇಳಬೇಕಾದರೆ, ಉಗಾಕಿಯ ಪರವಾಗಿಯೂ ಒಂದು ಮಾತುಂಟು. ಮಿಡ್ವೇ ದ್ವೀಪದಿಂದ ಹಾರಿಬಂದ ನೆಲದ ವಿಮಾನಗಳು ನಿಜವಾದ ಯುದ್ಧದಲ್ಲಿ ಆ ವಾಹಕಗಳಿಗೆ ಒಂದೇಟನ್ನೂ ತಗುಲಿಸಲಾರದೆಹೋದುವು. ಗರವು ತೋರಿಸಿದ ಒಂಬತ್ತು ಹೆಚ್ಚಾಯಿತೆಂದು ಅವನಿಗೆ ತೋರಿದ್ದರೆ ಅದು ಕೇವಲ ಹಟವೆಂದು ಹೇಳಲಾಗದು. ಮಧ್ಯಸ್ಥನಿಗೆ ತಿದ್ದುವ ಅಧಿಕಾರವೂ ಉಂಟು. ಆದರೆ ಆ ಗರವು ಕೇಳಿದ ಪ್ರಶ್ನೆ ಏಟುಗಳೆಷ್ಟೆಂಬುದಲ್ಲ. ನಮ್ಮ ವಿಮಾನಗಳು ದ್ವೀಪದ ಮೇಲಿರುವಾಗ ಶತ್ರುವು ನಮ್ಮ ಹಡಗುಗಳ ಮೇಲೆ ಬಿದ್ದರೆ ಗತಿಯೇನು, ಎಂಬುದೇ ಅದರ ಪ್ರಶ್ನೆ. ಸಂಖ್ಯೆಯನ್ನು ತಿದ್ದಿದ ಕೂಡಲೆ ಪ್ರಶ್ನೆಯೂ ತೀರಿತೆಂದು ಅವರು ಭಾವಿಸಿದರು. ಒಂದು ತಿಂಗಳು ಕಳೆದ ಬಳಿಕ ಅದೇ ಪ್ರಶ್ನೆಯು ಮತ್ತೆ ಬಂದಿತು. ಆಗ ತಿದ್ದಲು ಮಧ್ಯಸ್ಥನಿರಲಿಲ್ಲ.

ಅಮೆರಿಕದವರಾದರೂ ಆಟದ ಮಾತನ್ನು ಯಾವಾಗಲೂ ಕೇಳಿದರೆಂದಲ್ಲ. ೧೯೩೨ರ ಫೆಬ್ರವರಿ ೭, ಭಾನುವಾರದ ಮುಂಜಾವಿನಲ್ಲಿ, ಅಣಕು ಯುದ್ಧವೊಂದರಲ್ಲಿ ಅಡ್ಮಿರಲ್ ಯಾರ್ನೆಲ್ಲನು ಎರಡು ವಾಹಕಗಳ ವಿಮಾನಗಳಿಂದ ಪರ್ಲ್ ಹಾರ್ಬರನ್ನು ಅನಿರೀಕ್ಷಿತವಾಗಿ ಮುತ್ತಿ ತೋರಿಸಿದನು. ಅದರ ಪಾಠವನ್ನು ಮನಸ್ಸಿಗೆ ಹಚ್ಚಿಕೊಂಡವರು ಕಡಿಮೆ. ೧೯೪೧ರ ಡಿಸೆಂಬರ್ ೭, ಅದೂ ಭಾನುವಾರದ ಮುಂಜಾವೇ, ಜಪಾನೀಯರು ಅದನ್ನು ದಿಟವಾಗಿ ಮಾಡಿದರು. ಆದರೆ ನ್ಯೂಪೋರ್ಟ್ ಎಂಬಲ್ಲಿ ೧೮೮೪ರಲ್ಲಿ ಸ್ಥಾಪಿತವಾದ ಅವರ ನೌಕಾಯುದ್ಧ ವಿದ್ಯಾಲಯದಲ್ಲಿ ಬೇರೊಂದು ಅಭ್ಯಾಸವು ಬೆಳೆದಿತ್ತು. ಎರಡು ಮಹಾಯುದ್ಧಗಳ ನಡುವಣ ವರ್ಷಗಳಲ್ಲಿ ಅಲ್ಲಿ ನೆಲದ ಮೇಲೆ ಚೌಕಗಳನ್ನು ಗುರುತಿಸಿ, ಪುಟ್ಟ ಹಡಗುಗಳನ್ನು ನಡೆಸಿ, ಜಪಾನಿಗೆ ‘ಕಿತ್ತಳೆ’ಯೆಂದೂ ತಮಗೆ ‘ನೀಲಿ’ಯೆಂದೂ ಹೆಸರಿಟ್ಟು ಮತ್ತೆ ಮತ್ತೆ ಆಡಿದರು. ನೀಲಿಯು ಅವಸರದಿಂದ ಸಾಗರವನ್ನು ದಾಟಹೋಗಿ ಪೆಟ್ಟು ತಿಂದ ಆಟಗಳುಂಟು. ಆ ಸೋಲುಗಳನ್ನು ಅಳಿಸದೆ ಬರೆದಿಟ್ಟುಕೊಂಡುದರಿಂದಲೇ, ಮೆಟ್ಟಿಲು ಮೆಟ್ಟಿಲಾಗಿ ದ್ವೀಪಗಳನ್ನು ಹಿಡಿಯುತ್ತ ನಡೆಯಬೇಕೆಂಬ ವಿವೇಕವು ಅವರಲ್ಲಿ ಬೆಳೆಯಿತು. ೧೯೨೩ರಲ್ಲಿ ಅಲ್ಲಿ ವ್ಯಾಸಂಗ ಮುಗಿಸಿದ ಅಡ್ಮಿರಲ್ ನಿಮಿಟ್ಸನು, ಯುದ್ಧದ ಕೊನೆಯಲ್ಲಿ ಜಪಾನೀಯರು ಕೈಗೊಂಡ ಆತ್ಮಾಹುತಿಯ ವಿಮಾನದಾಳಿಯೊಂದನ್ನುಳಿದು ಮತ್ತಾವುದೂ ತನಗೆ ಹೊಸದಾಗಿ ತೋರಲಿಲ್ಲವೆಂದು ಮುಂದೆ ಹೇಳಿದನು.

ಇಂದು ಈ ಆಟಗಳನ್ನಾಡುವವರಿಗೆ ಒಂದು ತೊಡಕುಂಟು. ಅವರಿಗೆ ಕಥೆಯ ಕೊನೆಯು ಗೊತ್ತು. ಅಮೆರಿಕದವರು ಜಪಾನಿನ ಗುಪ್ತಲಿಪಿಯನ್ನು ಬಿಡಿಸಿ ಮುಂಚಿತವಾಗಿಯೇ ಹೊಂಚಿ ನಿಂತಿದ್ದರೆಂದು ಬಲ್ಲವನು ನಗುಮೊವಿನಂತೆ ನಡೆಯುವುದೆಂತು? ಈ ತೊಡಕನ್ನು ನೀಗಲು ಕೆಲವರು ಒಂಟಿಯಾಗಿ ಆಡುವ ಆಟವನ್ನೇ ಕಟ್ಟಿದರು. ೧೯೯೦ರಲ್ಲಿ ಜಾನ್ ಸದರ್ಡ್ ಎಂಬುವನು ರಚಿಸಿದ ‘ಕ್ಯಾರಿಯರ್’ ಎಂಬ ಆಟದಲ್ಲಿ ಶತ್ರುಬಲವು ಬೋರಲಾದ ಕಾಯಿಗಳ ರೂಪದಲ್ಲಿ ಬರುವುದು. ಅದರ ಹಿಂದೆ ಮಹಾವಾಹಕವಿದೆಯೋ ಸಾಮಾನ್ಯ ನೌಕೆಯಿದೆಯೋ ಹತ್ತಿರ ಬಂದ ಹೊರತು ತಿಳಿಯದು. ಮರೆಯ ಕೆಲಸವನ್ನು ಗಣಕಯಂತ್ರಕ್ಕೆ ಒಪ್ಪಿಸುವ ಪದ್ಧತಿಯೂ ಬಂದಿದೆ. ೧೯೮೪ರಲ್ಲಿ ಆಸ್ಟ್ರೇಲಿಯದವರು ರಚಿಸಿದ ‘ಕ್ಯಾರಿಯರ್ಸ್ ಅಟ್ ವಾರ್’ ಅಂತಹುದು. ೨೦೦೯ರ ‘ವಾರ್ ಇನ್ ದಿ ಪೆಸಿಫಿಕ್: ಅಡ್ಮಿರಲ್ಸ್ ಎಡಿಷನ್’ ಎಂಬುದರಲ್ಲಿಯಂತೂ ಇಡೀ ಮಹಾಯುದ್ಧವನ್ನು ದಿನದಿನವಾಗಿ ನಡೆಸಬೇಕು. ಇಬ್ಬರು ಗೆಳೆಯರು ಒಂದೇ ಆಟವನ್ನು ವರ್ಷಗಟ್ಟಲೆ ಆಡುವುದುಂಟು.

ಈ ಆಟಗಳು ಹೇಳಲಾರದ ಸಂಗತಿಯೊಂದನ್ನು ಮರೆಯಬಾರದು. ಹಲಗೆಯ ಮೇಲಿನ ಕಾಯಿಯನ್ನು ಎತ್ತಿ ಪೆಟ್ಟಿಗೆಯಲ್ಲಿಟ್ಟರೆ ಅದು ನಾಳೆ ಮತ್ತೆ ಹೊರಬರುವುದು. ಮಿಡ್ವೇಯಲ್ಲಿ ಮಡಿದ ಮೂರು ಸಾವಿರಕ್ಕೂ ಹೆಚ್ಚು ಜಪಾನೀಯರೂ ಮುನ್ನೂರಕ್ಕೂ ಹೆಚ್ಚು ಅಮೆರಿಕದವರೂ ಬರಲಿಲ್ಲ. ಅವರಲ್ಲಿ ಅನೇಕರು ನೌಕೆಯ ತಳದಲ್ಲಿ ಯಂತ್ರಗಳ ಬಳಿ ದುಡಿಯುತ್ತಿದ್ದವರು. ಇದು ನೆನಪಿನಲ್ಲಿರುವವನೇ ಇಂತಹ ಆಟವನ್ನು ಆಡಲು ಯೋಗ್ಯನು.

ನಮ್ಮ ವಾಚಕರ ಮನೆಯ ಮಕ್ಕಳು ಇದರ ಸವಿಯನ್ನು ನೋಡಬೇಕೆಂದರೆ ಬೆಲೆಯುಳ್ಳ ಪೆಟ್ಟಿಗೆಯೇ ಬೇಕೆಂದಿಲ್ಲ. ಇಬ್ಬರೂ ಒಂದೊಂದು ಹಾಳೆಯಲ್ಲಿ ಅಡ್ಡ ಹತ್ತು, ಉದ್ದ ಹತ್ತು ಚೌಕಗಳನ್ನು ಬರೆದು, ಒಂದೇ ರೀತಿಯಾಗಿ ಹೆಸರು ಹಚ್ಚಲಿ. ನಡುವೆ ಒಂದು ದೊಡ್ಡ ಪುಸ್ತಕವನ್ನು ಮರೆಯಾಗಿ ನಿಲ್ಲಿಸಲಿ. ತಲಾ ಎರಡು ಹುಣಿಸೆಬೀಜಗಳೇ ವಿಮಾನವಾಹಕಗಳು. ಪ್ರತಿ ಸರದಿಯಲ್ಲಿಯೂ ಬೀಜವನ್ನು ಒಂದು ಮನೆ ನಡೆಸಬಹುದು. ಅನಂತರ ಮೂರು ಮನೆಗಳ ಹೆಸರನ್ನು ಕೂಗಿ ಹುಡುಕಬಹುದು. ಹಡಗು ಅಲ್ಲಿದ್ದರೆ ಎದುರಾಳಿಯು “ಉಂಟು” ಎನ್ನಲೇಬೇಕು. ದಾಳಿ ಮಾಡಬೇಕಾದರೆ ಒಂದು ಸರದಿಯನ್ನು ವಿಮಾನಗಳ ಸಜ್ಜಿಗಾಗಿ ಕಳೆದು, ಹಾಗೆಂದು ಚೀಟಿಯಲ್ಲಿ ಬರೆದಿಡಬೇಕು. ಮುಂದಿನ ಸರದಿಯಲ್ಲಿ ಗುರಿಯ ಮನೆಯನ್ನು ಬರೆದು ಕಳುಹಿಸಬೇಕು. ಅದರ ಮುಂದಿನದರಲ್ಲಿ ದಾಳಿ. ಅಷ್ಟರಲ್ಲಿ ಶತ್ರುವು ಸರಿದಿದ್ದರೂ, ಗುರಿಯ ಮನೆಗೆ ತಗುಲಿದ ಮನೆಯಲ್ಲಿದ್ದರೆ ಸಿಕ್ಕಿದಂತೆಯೇ. ಆಗ ಆರು ಮುಖದ ದಾಳವನ್ನುರುಳಿಸಿ, ಐದು ಅಥವಾ ಆರು ಬಿದ್ದರೆ ಹಡಗು ಮುಳುಗಿತು. ಪೆಟ್ಟು ತಿಂದವನ ವಿಮಾನಗಳು ಸಜ್ಜಾಗುತ್ತಿದ್ದ ಸಮಯವಾದರೆ ಮೂರು ಬಿದ್ದರೂ ಸಾಕು.

ದಾಳವು ಮನೆಯ ಹಿರಿಯರೊಬ್ಬರ ಕೈಯಲ್ಲಿರಲಿ. ಚೌಕಾಬಾರದಲ್ಲಿ ಸೋತು ಅಳುವ ಮಗುವಿಗೆ ಅಜ್ಜಿಯು ಇನ್ನೊಂದು ಗರವನ್ನು ಕೊಟ್ಟರೆ ಅದು ಕರುಣೆ. ಅದನ್ನು ಯಾರೂ ಆಕ್ಷೇಪಿಸುವಂತಿಲ್ಲ. ಆದರೆ ಈ ಆಟದಲ್ಲಿ ಮಾತ್ರ ಬಿದ್ದ ಗರವು ಬಿದ್ದಂತೆಯೇ ಇರಲಿ. ಮುಳುಗಿದ ಹುಣಿಸೆಬೀಜವನ್ನು ಹೊರಗಿಟ್ಟು, ಅದು ಮುಳುಗಿದುದು ಏಕೆಂದು ಮಗುವನ್ನೇ ಕೇಳಿರಿ.